ಉತಾರ ಇಲ್ಲದವರ ಅರ್ಜಿ

2025ರ ಡಿಸೆಂಬರ್‌ನ ಕೊನೆಯ ದಿನಗಳು. ವಿಜಯಪುರದ ಅಂಬೇಡ್ಕರ್ ವೃತ್ತದ ಬಳಿ ಹಾಕಿದ್ದ ಪೆಂಡಾಲಿನಲ್ಲಿ ಕೂತಿದ್ದೆ. ಜಿಲ್ಲೆಗೆ ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು, ಸರ್ಕಾರಿ–ಖಾಸಗಿ ಸಹಭಾಗಿತ್ವದ ಕಾಲೇಜು ಬೇಡ ಎಂದು ಸೆಪ್ಟೆಂಬರ್‌ನಲ್ಲಿ ಶುರುವಾದ ಧರಣಿ ಆಗಲೇ ನೂರು ದಿನ ದಾಟಿತ್ತು. ಹಗಲು ಬಿಸಿಲು ಚುರುಗುಟ್ಟಿದರೂ ಸಂಜೆಯಾಗುತ್ತಲೇ ಥಂಡಿ. ಹಳ್ಳಿಗಳಿಂದ ಪಾಳಿಯ ಮೇಲೆ ಬಂದವರು ರೊಟ್ಟಿಯ ಗಂಟು ಬಿಚ್ಚಿಕೊಂಡು ಉಣ್ಣುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತವರಲ್ಲಿ ಹೆಂಗಸರೇ ಹೆಚ್ಚು. ಕಾಲೇಜು ಓದುವ ಹುಡುಗಿಯೊಬ್ಬಳು ಮನವಿಪತ್ರವನ್ನು ಕವರಿಗೆ ಹಾಕಿ ಹುಡುಗನ ಕೈಗೆ ಕೊಡುತ್ತ, "ಏ ತಮ್ಮಾ, ಎರಡು ಪ್ರತಿ ಒಯ್ಯಿ. ಒಂದರ ಮ್ಯಾಲ ಸಿಕ್ಕಾ ಹಾಕಿಸ್ಕೊಂಡು ಬಾ. ತಾರೀಖ ಬಿದ್ದಿರಬೇಕು ನೋಡು" ಅಂದಳು.

ಅದೇ ಮಾತನ್ನು ನಾನು ಸಿಂದಗಿಯಲ್ಲಿ ಹದಿನೆಂಟರ ವಯಸ್ಸಿನಲ್ಲಿ ಕೇಳಿದ್ದೆ. ಹೇಳಿದವರು ಈಗಿಲ್ಲ. ಅವರ ಹತ್ತಿರ ಅರ್ಜಿ ಬರೆಸಿಕೊಂಡು ಹೋದವರಲ್ಲಿ ಬಹಳ ಮಂದಿ ಇಲ್ಲ. ಆ ಅರ್ಜಿಗಳಲ್ಲಿ ಕೇಳಿದ್ದರಲ್ಲಿ ಎಷ್ಟೋ ಸಿಕ್ಕಿವೆ, ಎಷ್ಟೋ ಸಿಕ್ಕಿಲ್ಲ. ಆದರೆ ಯಾರ ಅರ್ಜಿ ಅರ್ಜಿಯೆನಿಸಿತು, ಯಾರದು ಕಾಗದದ ಮೇಲೇ ಬರಲಿಲ್ಲ ಎಂಬ ಪ್ರಶ್ನೆ ಆ ಪೆಂಡಾಲಿನಿಂದ ಎದ್ದು ಬಂದ ಮೇಲೂ ನನ್ನನ್ನು ಬಿಡಲಿಲ್ಲ.

ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಟೈಪಿಂಗ್ ಕ್ಲಾಸಿಗೆ ಹಚ್ಚಿದ್ದ. ಟೈಪಿಂಗ್ ಪಾಸಾದರೆ ಕಚೇರಿಯಲ್ಲಿ ನೌಕರಿ ಖಾತ್ರಿ ಎಂದು ಆಗ ಎಲ್ಲರೂ ನಂಬಿದ್ದರು. ಮಾಮಲೇದಾರ ಕಚೇರಿಯಿಂದ ಕೂಗಳತೆಯ ದೂರದಲ್ಲಿ, ಪತ್ರಾಸಿನ ಮಾಡಿನ ಉದ್ದನೆಯ ಕೋಣೆ. ಗೋಡೆಗುಂಟ ಇಂಗ್ಲಿಷ್ ಮಶೀನುಗಳು. ಬಾಗಿಲ ಹತ್ತಿರ, ಬೆಳಕು ಬೀಳುವ ಕಡೆ, ಒಂದೇ ಒಂದು ಕನ್ನಡ ಮಶೀನು. ಕ್ಲಾಸು ನಡೆಸುತ್ತಿದ್ದ ಮಾಸ್ತರರು ಯಾವುದೋ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಧೋತರ, ಮಾಸಿದ ಕೋಟು, ಕಿವಿಗೆ ದಾರ ಕಟ್ಟಿಕೊಂಡ ಚಾಳೀಸು. ಮುಂಜಾನೆ ನಮಗೆ ಕಲಿಸುವುದು, ಹನ್ನೊಂದರ ಮೇಲೆ ಅರ್ಜಿ ಬರೆಯುವುದು. ನನ್ನ ಕೈ ಸ್ವಲ್ಪ ಓಡತೊಡಗಿದ ಮೇಲೆ ಅವರು ಹೇಳುತ್ತ ಹೋಗುವುದು, ನಾನು ಹೊಡೆಯುತ್ತ ಹೋಗುವುದು. ಫೀ ಬಿಟ್ಟರು. ಮುಂದೆ ತಿಂಗಳಿಗೆ ಇಷ್ಟು ಎಂದು ಕೊಡತೊಡಗಿದರು. ನನ್ನ ಮೊದಲ ಸಂಬಳ ಅದು.

ಸಂತೆಯ ದಿನ ಕೋಣೆಯ ಹೊರಗೆ ಮಂದಿ ನೆರೆಯುತ್ತಿದ್ದರು. ಭೀಮೆಯ ದಂಡೆಯವರು, ಡೋಣಿ ಸೀಮೆಯವರು, ಇಂಡಿ ಕಡೆಯ ಮಡ್ಡಿಯವರು. ನಮ್ಮೂರಿಗೆ ಬಸ್ಸು ವಸ್ತಿ ಬರಲಿ, ಸಾಲಿಯ ಮಾಡು ಬಿದ್ದೈತಿ, ಬೋರಿನ ಕೈಪಂಪು ಕೆಟ್ಟೈತಿ, ಮಳಿ ಹೋಗೇತಿ, ಬರಗಾಲದ ಕಾಮಗಾರಿ ತೆಗೀರಿ, ದನಕ್ಕ ಮೇವು ಕೊಡ್ರಿ. ಮಾಸ್ತರರು ತಕ್ಷಣ ಬರೆಯುತ್ತಿರಲಿಲ್ಲ. ಊರಲ್ಲಿ ಮನೆ ಎಷ್ಟು, ಬಾವಿ ಎಷ್ಟು, ಅವುಗಳಲ್ಲಿ ಸೀನೀರಿನವು ಎಷ್ಟು, ಸಾಲಿಗೆ ಹೋಗುವ ಮಕ್ಕಳೆಷ್ಟು, ಹತ್ತಿರದ ಡಾಂಬರು ರಸ್ತೆಗೆ ಹರದಾರಿ ಎಷ್ಟು ಎಂದು ಕೇಳುತ್ತಿದ್ದರು. ಹೇಳಲಿಕ್ಕೆ ಬಾರದವರನ್ನು, "ಹೋಗಿ ಎಣಿಸಿಕೊಂಡು ಬರ್ರಿ, ಮುಂದಿನ ಸಂತಿಗೆ ಬರಕೊಡ್ತೀನಿ" ಎಂದು ತಿರುಗಿ ಕಳಿಸುತ್ತಿದ್ದರು. ಈ ಮೊದಲು ಅರ್ಜಿ ಕೊಟ್ಟಿದ್ದರೆ ಅದರ ತಾರೀಖು ಬೇಕೇ ಬೇಕು. ಎರಡು ಪ್ರತಿ, ನಡುವೆ ಕಾರ್ಬನ್. ಒಂದು ಪ್ರತಿ ಕಚೇರಿಯ ಆವಕಕ್ಕೆ ಹೋಗಬೇಕು, ಇನ್ನೊಂದು ಸಿಕ್ಕಾ ಬಿದ್ದು ತಿರುಗಿ ಬರಬೇಕು. "ತಾರೀಖ ಇಲ್ಲದ ಅರ್ಜಿ ಕೊಟ್ಟಿಲ್ಲ ಅಂತ ತಿಳೀರಿ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು.

ಅದು ನಾಡಿನಲ್ಲೇ ಹೊಸ ಗಾಳಿ ಬೀಸಿದ ಕಾಲ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ಆಗಿತ್ತು. ಕಾಲುಭಾಗ ಸ್ಥಾನ ಹೆಂಗಸರಿಗೆ ಮೀಸಲು. ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರಸಾಬರನ್ನು ಜನ ನೀರ್ ಸಾಬ್ ಎಂದೇ ಕರೆಯುತ್ತಿದ್ದರು. ಊರೂರಿಗೆ ಬೋರು ಹಾಕಿಸಿದವರು. 1988ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಓಣಿಯ ಕೈಪಂಪಿನ ಹತ್ತಿರ ಹೆಂಗಸರು ಕೊಡ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತಿದ್ದು ನೆನಪಿದೆ. ಮಂತ್ರಿಯೊಬ್ಬರು ಸತ್ತಾಗ ಆ ಓಣಿಯ ಜನ ಹಾಗೆ ಮರುಗಿದ್ದನ್ನು ನಾನು ಮತ್ತೆ ನೋಡಿಲ್ಲ.

ಮಾಸ್ತರರ ಮೇಲೆ ನನಗೆ ಈಗಲೂ ಅಪಾರ ಗೌರವವಿದೆ. ಆದರೆ ಅವರ ಒಂದು ನಡೆ ಆಗಲೇ ನನಗೆ ಸೇರಿರಲಿಲ್ಲ. ಈ ವಯಸ್ಸಿನಲ್ಲಿ ನಿಂತು ನೋಡಿದರೆ ಇನ್ನಷ್ಟು ಚುಚ್ಚುತ್ತದೆ.

ಭೀಮೆಯ ದಂಡೆಯ ಒಂದು ಊರಿನಿಂದ ಹತ್ತಾರು ಹೆಂಗಸರು ಬಂದಿದ್ದರು. ಕೂಲಿಯವರು. ಬೆಳಗಿನ ಜಾವ ಎದ್ದು ನಡೆದು ಬಂದಿದ್ದರೆಂದು ಧೂಳು ಹಿಡಿದ ಕಾಲೇ ಹೇಳುತ್ತಿತ್ತು. ಅವರದು ಎರಡು ಬೇಡಿಕೆ. ಹರಿಜನ ಕೇರಿಗೆ ಬೇರೆ ಬೋರು ಬೇಕು. ಊರ ಬೋರಿನಲ್ಲಿ ಕೊಡ ಇಡಗೊಡುವುದಿಲ್ಲ. ಎರಡನೆಯದು, ಸಾಲಿಯ ಮಗ್ಗುಲಿಗೆ ಇರುವ ಸರಾಯಿ ಅಂಗಡಿ ತೆಗೆಸಬೇಕು. ಮಾಸ್ತರರು ಎಂದಿನ ಪ್ರಶ್ನೆಗಳನ್ನೇ ಕೇಳಿದರು. ಅವರು ಎಲ್ಲದಕ್ಕೂ ಥಟ್ಟನೆ ಲೆಕ್ಕ ಕೊಟ್ಟರು: ಕೇರಿಯ ಮನೆ, ಕೊಡ, ನೀರಿಗೆ ಹಿಡಿಯುವ ಹೊತ್ತು, ಅಂಗಡಿಯಿಂದ ಸಾಲಿಗೆ ಎಷ್ಟು ಹೆಜ್ಜೆ. ಅಷ್ಟು ಪಕ್ಕಾ ಲೆಕ್ಕ ತಂದವರನ್ನು ನಾನು ಅಲ್ಲಿ ಕಂಡಿರಲೇ ಇಲ್ಲ. ಆದರೆ ಮಾಸ್ತರರು ಪೆನ್ನು ಮುಚ್ಚಿಟ್ಟರು. "ಊರಾಗಿನ ಹಿರ್ಯಾರ ಸಹಿ ಬೇಕಲ್ರೆವ್ವಾ. ನಿಮ್ಮ ಗಂಡಂದಿರನ್ನಾರ ಕರಕೊಂಡು ಬರ್ರಿ. ಬರೀ ಹೆಣ್ಣುಮಕ್ಕಳ ಹೆಬ್ಬೆಟ್ಟು ನೋಡಿದ್ರ ಸಾಹೇಬ್ರು ಒಗದ ಬಿಡ್ತಾರ."

ಅವರಲ್ಲಿ ಒಬ್ಬ ಎತ್ತರದ ಹೆಂಗಸು, ಬರಿಗೈಯವಳು, ಮುಂದೆ ಬಂದು ಕೇಳಿದಳು: "ಕೊಡ ಹೊರೂ ತಲಿ ನಮ್ದು. ಸಹಿ ಮಾಡೂ ಕೈ ಅವರದಾ, ಮಾಸ್ತರ?"

ಮಾಸ್ತರರು ಉತ್ತರ ಕೊಡಲಿಲ್ಲ. ಅವರು ಕೆಟ್ಟವರಲ್ಲ. ಆ ಕೇರಿಯವರಿಗೆ ಒಳಗೆ ಕರೆದು ನೀರು ಕೊಟ್ಟವರು ಆ ಬೀದಿಯಲ್ಲಿ ಅವರೊಬ್ಬರೇ ಇದ್ದರು. ಕಚೇರಿಯ ಒಳಗಿನ ರೀತಿ ಗೊತ್ತಿದ್ದವರು, ಆ ರೀತಿಗೆ ತಕ್ಕಂತೆ ಅರ್ಜಿ ಕತ್ತರಿಸುತ್ತಿದ್ದರು. ಅಲ್ಲಿಯೇ ಅವರ ಬಲ, ಅಲ್ಲಿಯೇ ಅವರ ಮಿತಿ. ಕಚೇರಿ ಯಾರನ್ನು ಮನುಷ್ಯರೆಂದು ಎಣಿಸುತ್ತಿರಲಿಲ್ಲವೋ ಅವರನ್ನು ಅರ್ಜಿಯೂ ಎಣಿಸಲಿಲ್ಲ.

ಆ ಹೆಂಗಸರು ಮುಂದೆ ಏನು ಮಾಡಿದರೆಂದು ಎಷ್ಟೋ ದಿನದ ಮೇಲೆ ತಿಳಿಯಿತು. ಏಳನೇ ಇಯತ್ತೆಯ ಹುಡುಗನಿಂದ ನೋಟಬುಕ್ಕಿನ ಹಾಳೆಯ ಮೇಲೆ ಬರೆಸಿ, ಎಲ್ಲರೂ ಹೆಬ್ಬೆಟ್ಟು ಒತ್ತಿ, ಊರಿಗೆ ಬಂದ ಅಧಿಕಾರಿಯ ಜೀಪಿನ ಮುಂದೆ ಕೂತುಬಿಟ್ಟರಂತೆ. ಕೇರಿಗೆ ಬೋರು ಬಿತ್ತು. ಅದೇ ವರ್ಷ ನಮ್ಮ ಮಶೀನಿನ ಮೇಲೆ ಅಚ್ಚುಕಟ್ಟಾಗಿ ಹೊಡೆದು ಕೊಟ್ಟ ನೀರಿನ ಅರ್ಜಿಗಳಲ್ಲಿ ಎಷ್ಟೋ ಹಾಗೆಯೇ ಉಳಿದವು. ಸರಾಯಿ ಅಂಗಡಿ ಮಾತ್ರ ಹೋಗಲಿಲ್ಲ. ಕರ್ನಾಟಕದಲ್ಲಿ ಪಾಕೀಟು ಸರಾಯಿ ನಿಂತದ್ದು 2007ರ ಜುಲೈ 1ರಂದು. ಅಷ್ಟರೊಳಗೆ ಆ ಹೆಂಗಸರ ಮಕ್ಕಳು ದೊಡ್ಡವರಾಗಿ, ಕೆಲವರು ಅದೇ ಅಂಗಡಿಯ ಗಿರಾಕಿಗಳಾಗಿ ಹೋಗಿದ್ದರು. ಸರಾಯಿ ಹೋಗಿ ಬಾಟಲಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಹೆಚ್ಚಿನವರು ಉತ್ತರ ಕರ್ನಾಟಕದ ಹಳ್ಳಿಗಳವರು. ಟಿವಿಯಲ್ಲಿ ಆ ಸಾಲು ನೋಡುವಾಗ ನಾನು ಹುಡುಕಿದ್ದು ಆ ಎತ್ತರದ ಹೆಂಗಸಿನ ಮುಖವನ್ನು. ಬದುಕಿದ್ದರೆ ಅವಳಿಗೆ ಎಂಬತ್ತರ ಹತ್ತಿರ.

ಮದುವೆಯಾಗಿ ನಾನು ಮುದ್ದೇಬಿಹಾಳಕ್ಕೆ ಬಂದೆ. ಅಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಸಿಂದಗಿಯಲ್ಲಿ ಎಲ್ಲರೂ ನೀರಿಲ್ಲ ಎಂದು ಅರ್ಜಿ ಬರೆಸಲು ಬರುತ್ತಿದ್ದರೆ, ಇಲ್ಲಿಗೆ ಬರುತ್ತಿದ್ದವರದು ನೀರು ಬರುತ್ತದೆ ಎಂಬ ದುಗುಡ. ಆಲಮಟ್ಟಿಯ ಹಿನ್ನೀರು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲು ಹಾಕಿದ ಅಣೆಕಟ್ಟು ಮೂರು ದಶಕ ಕುಂಟುತ್ತ ಬಂದು, ತೊಂಬತ್ತರ ದಶಕದಲ್ಲಿ ಎದ್ದು ನಿಂತಿತ್ತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ನೀರು ನಿಲ್ಲಿಸಲು ಅಡ್ಡಿಯಿಲ್ಲ ಎಂದಿತು. ಕೃಷ್ಣೆಯ ದಂಡೆಯ ಎರೆಹೊಲಗಳು, ಬಾಳೆ-ಕಬ್ಬಿನ ತೋಟಗಳು, ಗುಡಿ, ಗದ್ದುಗೆ, ದರ್ಗಾ, ಹಿರಿಯರ ಸಮಾಧಿ ಎಲ್ಲ ಒಳಗೆ ಹೋದವು. ಬಾಗಲಕೋಟೆಯಂಥ ಊರೇ ಅರ್ಧ ಮುಳುಗಿ ನವನಗರ ಎದ್ದಿತು. ಬಸವನ ಬಾಗೇವಾಡಿ ತಾಲೂಕಿನಲ್ಲಿ ಪುನರ್ವಸತಿ ಕೇಂದ್ರಗಳೆಂಬ ಹೊಸ ಊರುಗಳು ಮಡ್ಡಿಯ ಮೇಲೆ ಸಾಲಾಗಿ ಕೂತವು. ನೆರಳಿಗೆ ಒಂದು ಗಿಡವಿಲ್ಲ. ಹಳೇ ಊರಿನ ಬಾಗಿಲು ಚೌಕಟ್ಟನ್ನು ಬಂಡಿಯಲ್ಲಿ ಹೇರಿಕೊಂಡು ತಂದು ಹೊಸ ಗೋಡೆಗೆ ಕೂಡಿಸಿದ ಮನೆಗಳನ್ನು ಬಹಳ ನೋಡಿದೆ.

ವಕೀಲರ ಕಚೇರಿಯಲ್ಲಿ ನನ್ನ ಕೆಲಸವೆಲ್ಲ 'ಹದಿನೆಂಟರ ಅರ್ಜಿ'. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಂತೆ, ಕೊಟ್ಟ ಪರಿಹಾರ ಸಾಲದು, ಕೋರ್ಟಿಗೆ ಕಳಿಸಿ ಎಂದು ಕೇಳುವ ಅರ್ಜಿ. ಓದು ಬಾರದ ರೈತರೂ ಕಲಮಿನ ನಂಬರು ಬಾಯಿಪಾಠ ಹೇಳುತ್ತಿದ್ದರು. ಪರಿಹಾರ ಹೆಚ್ಚಿದ ತೀರ್ಪು ಬಂದ ದಿನ ಕಚೇರಿಯಲ್ಲಿ ಪೇಢೆ ಹಂಚುತ್ತಿದ್ದರು. ಮುಳುಗಡೆಯವರ ಈ ಹೋರಾಟ ಸಣ್ಣದಲ್ಲ. ಪಂಚೆ ಸೊಂಟಕ್ಕೆ ಕಟ್ಟಿಕೊಂಡು, ಗೋಣಿಚೀಲದಲ್ಲಿ ಕಾಗದ ಹೊತ್ತುಕೊಂಡು ಹತ್ತಾರು ವರ್ಷ ಅಲೆದ ಮುದುಕರು ಅವರು. ಅವರು ಹೊಲ ಕೊಟ್ಟರು. ಆ ನೀರು ಮೊದಲು ಹರಿದದ್ದು ನಾರಾಯಣಪುರದ ಎಡದಂಡೆ ಕಾಲುವೆಗುಂಟ ಸುರಪುರ, ಶಹಾಪುರದ ಕಡೆಗೆ. "ಮುಳುಗಿದವರು ನಾವು, ಬೆಳೆದವರು ಅವರು" ಎಂಬ ಸಿಟ್ಟು ಆಗ ಎಲ್ಲರ ಬಾಯಲ್ಲೂ ಇತ್ತು. ನನ್ನ ಬಾಯಲ್ಲೂ. ಇಂದು ಆ ಮಾತು ನನಗೆ ಒಪ್ಪಿತವಲ್ಲ. ಸುರಪುರದ ಬಡವನೂ ನಮ್ಮಂತೆಯೇ ಗುಳೆ ಹೋಗುತ್ತಿದ್ದ. ನ್ಯಾಯವಾಗಿ ಕೇಳಬೇಕಾಗಿದ್ದದ್ದು ಏತ ನೀರಾವರಿಯನ್ನು ಬೇಗ ಮಾಡಿ ಎಂದು.

ಉತಾರ, ಅಂದರೆ ಹೊಲ ತಮ್ಮ ಹೆಸರಿನಲ್ಲಿದೆ ಎಂದು ತೋರಿಸುವ ಪಹಣಿ, ಇದ್ದವರು ಮಾತ್ರ ಆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಒಂದು ಮಧ್ಯಾಹ್ನ ಬಾಗೇವಾಡಿ ಕಡೆಯ ಮುಳುಗಡೆ ಊರಿನ ಮುದುಕಿಯೊಬ್ಬಳು ಬಂದಳು. ಗಂಡ ಹೆಂಡತಿ ಇಬ್ಬರೂ ಒಂದೇ ಮನೆತನದ ಹೊಲದಲ್ಲಿ ಜೀವಮಾನವೆಲ್ಲ ದುಡಿದವರು. ಹೊಲದ ಮಾಲೀಕರು ಪರಿಹಾರ ತಗೊಂಡು ಶಹರಕ್ಕೆ ಹೋಗಿದ್ದರು. "ಅವರ ಹೊಲಾ ಮುಳುಗಿತು, ರೊಕ್ಕಾ ಬಂತು. ನನ್ನ ಕೂಲಿ ಮುಳುಗಿತಲ್ರೀ ಎಪ್ಪಾ, ಅದಕ್ಕೇನೂ ಇಲ್ಲೇನು?" ವಕೀಲರು ಒಳ್ಳೆಯವರು. ಕೂಡಿಸಿ, ಚಹಾ ತರಿಸಿ, ಕಾಯ್ದೆಯಲ್ಲಿ ಹಾಗೆ ಇಲ್ಲವ್ವಾ ಎಂದು ತಿಳಿಸಿ ಹೇಳಿದರು. ಅವರು ಹೇಳಿದ್ದು ಸತ್ಯವೇ. ಆ ಕಾಯ್ದೆಯಲ್ಲಿ ಹೊಲದಲ್ಲಿ ಹಕ್ಕಿದ್ದವರಿಗೆ ಬೆಲೆ ಇತ್ತು, ಹೊಲದಲ್ಲಿ ಬೆವರು ಸುರಿಸಿದವರಿಗೆ ಇರಲಿಲ್ಲ. ಆದರೆ ಆ ಪ್ರಶ್ನೆಯನ್ನು ಯಾವ ಸಮಿತಿಯೂ, ಯಾವ ಹೋರಾಟದ ವೇದಿಕೆಯೂ ತನ್ನದೆಂದು ಎತ್ತಿಕೊಂಡದ್ದನ್ನು ನಾನು ಆ ದಿನಗಳಲ್ಲಿ ಕಾಣಲಿಲ್ಲ. ಎಕರೆಗೆ ಎಷ್ಟು ಎಂಬುದೊಂದೇ ಮಾತು. ನಾನು ಹೊಡೆದ ಸಾವಿರಾರು ಹಾಳೆಗಳಲ್ಲಿ ಆ ಮುದುಕಿಯ ಹೆಸರು ಒಂದು ಸಲವೂ ಬರಲಿಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. 35 ಸೂಚಕಗಳನ್ನಿಟ್ಟು ರಾಜ್ಯದ 175 ತಾಲೂಕುಗಳನ್ನು ಅಳೆದ ವರದಿ. 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರ ಪಟ್ಟಿಯಲ್ಲಿ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಇದ್ದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಸೂಚಿಸಿತ್ತು. ಅದು ಶುರುವಾದದ್ದು 2007-08ರಲ್ಲಿ. ಪತ್ರಿಕೆಯಲ್ಲಿ ಪಟ್ಟಿ ಬಂದ ದಿನ ನಮ್ಮ ಕಚೇರಿಗೆ ಬಂದ ರೈತ ಸಂಘದ ಹಿರಿಯರೊಬ್ಬರು ಆ ಪುಟವನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಹಿಂದುಳಿದವರೆಂದು ಅನ್ನಿಸಿಕೊಂಡದ್ದಕ್ಕೆ ಅವರಿಗೆ ನಾಚಿಕೆ ಆಗಿರಲಿಲ್ಲ. ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲ ಎಂದು ಸರ್ಕಾರದ ಕಾಗದವೇ ಒಪ್ಪಿತಲ್ಲ ಎಂಬ ಸಮಾಧಾನ ಅವರದು. ಅಲ್ಲಿಂದ ಮುಂದೆ ಆ ನಾಲ್ಕು ತಾಲೂಕಿನ ಯಾವ ಮನವಿಯಲ್ಲೂ ನಂಜುಂಡಪ್ಪನವರ ಹೆಸರು ಇಲ್ಲದ ಪುಟ ನಾನು ನೋಡಿಲ್ಲ.

ಹೀಗೆ ಅಳೆದು ತೋರಿಸಿದರೂ ಗೆರೆಗಳು ನಮ್ಮನ್ನು ಹೊರಗಿಟ್ಟವು. 2006ರಲ್ಲಿ ಉದ್ಯೋಗ ಖಾತ್ರಿ ಮೊದಲು ಜಾರಿಯಾದ ಕರ್ನಾಟಕದ ಜಿಲ್ಲೆಗಳಲ್ಲಿ ಬಿಜಾಪುರ (ಈಗಿನ ವಿಜಯಪುರ) ಇರಲಿಲ್ಲ. ಎರಡನೇ ಕಂತಿನಲ್ಲೂ ಇರಲಿಲ್ಲ. ನಮಗೆ ಬಂದದ್ದು 2008ರ ಏಪ್ರಿಲ್‌ನಲ್ಲಿ, ಉಳಿದೆಲ್ಲ ಜಿಲ್ಲೆಗಳೊಂದಿಗೆ. ಗೋವೆಗೆ, ಪುಣೆಗೆ, ಮಂಗಳೂರಿಗೆ ಸಂಸಾರ ಕಟ್ಟಿಕೊಂಡು ಹೋಗುವ ಊರುಗಳ ಜಿಲ್ಲೆ ಇದು. ಹಳೇ ಹೈದರಾಬಾದ್ ಸಂಸ್ಥಾನದ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮು ಬಂದಾಗಲೂ ಹಾಗೇ. ಭೀಮೆಯ ಆಚೆ ದಂಡೆಯ ಅಫಜಲಪುರ ಹಿಂದೆ ಹೈದರಾಬಾದ್ ಸಂಸ್ಥಾನದ್ದು, ಈಚೆಯ ಇಂಡಿ, ಸಿಂದಗಿ ಮುಂಬೈ ಪ್ರಾಂತದವು. ನಂಜುಂಡಪ್ಪನವರ ಪಟ್ಟಿಯಲ್ಲಿ ಎರಡೂ ದಂಡೆ ಅತ್ಯಂತ ಹಿಂದುಳಿದವೇ. ವಿಶೇಷ ಮೀಸಲು, ವಿಶೇಷ ಮಂಡಳಿಯ ಹಣ ಮಾತ್ರ ಆಚೆಗೆ. ಇಂಡಿ ತಾಲೂಕಿನ ನನ್ನ ಅಜ್ಜಿಯ ಊರಿನಿಂದ ನೋಡಿದರೆ ಆಚೆ ದಂಡೆಯ ಹೊಲದಲ್ಲಿ ಕಳೆ ತೆಗೆಯುವವರ ಸೀರೆಯ ಬಣ್ಣ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ಓಡುವ ಸರ್ಕಾರಿ ಬಸ್ಸುಗಳ ಮೇಲೆ 2021ರಿಂದ ಆಚೆಯ ಸೀಮೆಯ ಹೊಸ ಹೆಸರನ್ನೇ, ಕಲ್ಯಾಣ ಕರ್ನಾಟಕ ಎಂದೇ ಬರೆದಿದೆ. ಆ ಬಸ್ಸಿನಲ್ಲಿ ಕೂತ ಹುಡುಗಿಗೆ ಕಲ್ಯಾಣ ಕರ್ನಾಟಕದ ಸೀಟು ಇಲ್ಲ. ಆಚೆಯವರಿಗೆ ಕೊಟ್ಟದ್ದು ತಪ್ಪು ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಸೌಕರ್ಯ ಹಂಚಬೇಕಾದದ್ದು ಇಂದಿನ ಹಸಿವನ್ನು ನೋಡಿ. ಹಳೇ ರಾಜ್ಯಗಳ ಗಡಿಯನ್ನು ನೋಡಿ ಅಲ್ಲ.

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ತಿ ಜಾರಿಗೆ ಬಂತು. ಹತ್ತು ರೂಪಾಯಿ, ಮೂವತ್ತು ದಿನ. ಸಿಂದಗಿಯ ಮಾಸ್ತರರು ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದರು. ನಾನು ಹೋಗಿ ಹೇಳಿದಾಗ ಚಾಳೀಸು ಕೇಳಿ ಇಸಿದುಕೊಂಡು, ನಾನು ಒಯ್ದಿದ್ದ ಪುಸ್ತಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ಓದಿದರು. "ನಮ್ಮ ಕಾಲದಾಗ ಇದು ಇದ್ದಿದ್ರ, ತಂಗಿ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ಹೋದ ಮೇಲೆ ಆ ಕೋಣೆ ಮೊಬೈಲ್ ಅಂಗಡಿಯಾಯಿತು. ಕಾರ್ಬನ್ ಪ್ರತಿಗಳ ಗಂಟುಗಳನ್ನು ಮಕ್ಕಳು ರದ್ದಿಗೆ ಹಾಕಿದರು. ಒಂದು ಸೀಮೆಯ ಇಪ್ಪತ್ತು-ಮೂವತ್ತು ವರ್ಷದ ಕೊರತೆಯೆಲ್ಲ, ತಾರೀಖಿನ ಸಮೇತ, ತೂಕದ ಲೆಕ್ಕದಲ್ಲಿ ಹೋಯಿತು. ಅದು ನನಗೆ ಇಂದಿಗೂ ಸಂಕಟ.

ಆದರೆ ಅವರ ಪಾಠ ಹೋಗಿರಲಿಲ್ಲ. ಅದು ತಲುಪಿದ ಜಾಗ ಮಾತ್ರ ಬೇರೆ. ಖಾತ್ರಿ ಕೆಲಸ ಬಂದ ಮೇಲೆ ಮುದ್ದೇಬಿಹಾಳ ತಾಲೂಕಿನ ಒಂದು ಪಂಚಾಯತಿಯ ಮುಂದೆ ಕೂಲಿ ಹೆಂಗಸರ ಗುಂಪೊಂದು ನಿಂತದ್ದನ್ನು ನೋಡಿದೆ. ಕೈಯಲ್ಲಿ ನಮೂನೆ 6, ಕೆಲಸ ಕೇಳುವ ಅರ್ಜಿ. ಒಳಗಿನ ಹುಡುಗ, "ಇಟ್ಟು ಹೋಗ್ರಿ, ಆಮ್ಯಾಲ ನೋಡೂಣು" ಅಂದ. ಅವರ ಮುಂದಾಳು ಕದಲಲಿಲ್ಲ. "ತಾರೀಖ ಹಾಕಿ ಪಾವತಿ ಕೊಡಪಾ. ಇವತ್ತಿನ ತಾರೀಖ. ಹದಿನೈದು ದಿನದಾಗ ಕೆಲಸ ಕೊಡಲಿಲ್ಲಂದ್ರ ಭತ್ಯೆ ಕೊಡಬೇಕಾಗ್ತದ ನೀವು." ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಾಯ್ದೆ ಬರುತ್ತಿತ್ತು. ಗಂಡನ ಸಹಿ ತಾ, ಊರ ಹಿರಿಯರ ಸಹಿ ತಾ ಎಂದು ಅವಳಿಗೆ ಯಾರೂ ಹೇಳಲಿಲ್ಲ, ಹೇಳುವಂತಿರಲಿಲ್ಲ. ಉತಾರ ಇಲ್ಲದ ಹೆಂಗಸು ತನ್ನ ಹೆಸರಿನಲ್ಲೇ ಕೇಳಿ, ತನ್ನ ಖಾತೆಗೇ ಕೂಲಿ ಪಡೆದದ್ದನ್ನು ನಾನು ನೋಡಿದ್ದು ಆಗಲೇ. ಆ ಕೂಲಿ ತಿಂಗಳಾನುಗಟ್ಟಲೆ ತಡವಾಗುತ್ತಿತ್ತು, ಕೆಲಸ ನೂರು ದಿನ ಸಿಕ್ಕವರು ಅಪರೂಪ, ಮಶೀನು ಹಚ್ಚಿ ಕೆರೆ ತೋಡಿಸಿ ಜನರ ಹೆಸರು ಬರೆದದ್ದೂ ಉಂಟು. ಅಷ್ಟಾದರೂ ಹೊಲದ ಮಾಲೀಕರು ಕೂಲಿಯ ದರ ಏರಿಸಲೇಬೇಕಾಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. ದಿನಗಳು 125 ಎಂದಿದೆ, ವೆಚ್ಚದಲ್ಲಿ ರಾಜ್ಯಗಳ ಪಾಲು ಏರಿಸಿದೆ. ಕೇಳಿದವರಿಗೆ ಕೆಲಸ ಸಿಗುತ್ತದೆಯೋ ಎಂಬುದನ್ನು ನಮೂನೆ ಹಿಡಿದು ಪಂಚಾಯತಿಗೆ ಹೋಗುವ ಅವಳೇ ಹೇಳಬೇಕು.

ನೀರೂ ಬಂದಿದೆ, ಇಲ್ಲವೆನ್ನಬಾರದು. ಇಂಡಿ ಶಾಖಾ ಕಾಲುವೆ, ಮುಳವಾಡ, ಚಿಮ್ಮಲಗಿ ಏತ ನೀರಾವರಿ, ಕೆರೆ ತುಂಬುವ ಯೋಜನೆಗಳು. ನಾನು ಚಿಕ್ಕವಳಿದ್ದಾಗ ಮಳೆಗಾಲದಲ್ಲೂ ದನ ಮೇಯುತ್ತಿದ್ದ ಕೆರೆಯಂಗಳದಲ್ಲಿ ಈಗ ನೀರು ಕಾಣುತ್ತದೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 1972ರ ಬರದಲ್ಲಿ ಕಲ್ಲು ಒಡೆದು ಕೆಂಪು ಜೋಳ ತಿಂದಿದ್ದ ನನ್ನ ಅವ್ವ ಕಾಲುವೆಯ ದಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟಾಗ ಮಾತೇ ಆಡಲಿಲ್ಲ. ಇವನ್ನೆಲ್ಲ ಯಾವ ಸರ್ಕಾರವೂ ತಾನಾಗಿ ತಂದುಕೊಟ್ಟದ್ದಲ್ಲ. ರೈತರು ರಸ್ತೆಯ ಮೇಲೆ ಕೂತದ್ದಕ್ಕೆ, ಕಾಲುವೆಯ ಕೊನೆಯ ಊರಿಗೆ ನೀರು ಮುಟ್ಟುವವರೆಗೆ ಏಳುವುದಿಲ್ಲ ಎಂದದ್ದಕ್ಕೆ ಬಂದವು. ಬೂದಿಹಾಳ–ಪೀರಾಪುರ ಯೋಜನೆಯ ಹೊಲಗಾಲುವೆಗಾಗಿ ತಾಳಿಕೋಟೆ ಭಾಗದವರು ಎಷ್ಟು ಸಲ ಧರಣಿ ಕೂತರೆಂದು ಆ ಭಾಗದವರಿಗೆ ಗೊತ್ತು. ನಾಲ್ಕು ತಾಲೂಕುಗಳು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ತಾಲೂಕುಗಳಾದದ್ದೂ ದಶಕಗಳ ಕೂಗಿನಿಂದಲೇ.

ಆದರೂ ಗುಳೆಯ ಬಸ್ಸು ನಿಂತಿಲ್ಲ. ನೀರು ಹರಿದದ್ದು ಹೊಲಕ್ಕೆ. ಹೊಲವಿಲ್ಲದವರ ಮನೆಗೆ ಅದರ ಪಾಲು ಕೂಲಿಯಾಗಿ ಬಂದಷ್ಟೇ. ಕಬ್ಬು ಬೆಳೆದಲ್ಲಿ ಎರೆ ಜವುಳು ಹಿಡಿಯುತ್ತಿದೆ, ಜೋಳ ಕಡಿಮೆಯಾಗಿದೆ, ಜೋಳದ ಜೊತೆಗೆ ಹೆಂಗಸರಿಗೆ ಸಿಗುತ್ತಿದ್ದ ಕಳೆ-ಕೊಯ್ಲಿನ ದಿನಗಳೂ ಕಡಿಮೆಯಾಗಿವೆ. ನಮ್ಮ ನೀರಾವರಿ ಹೋರಾಟ ದೊಡ್ಡದು, ನಿಜವಾದದ್ದು. ಅದು ಎಕರೆಯನ್ನು ಎಣಿಸಿತು, ಮನೆಯನ್ನು ಎಣಿಸಲಿಲ್ಲ. ಆಸ್ಪತ್ರೆ, ಹೆರಿಗೆ, ಹೆಣ್ಣುಮಕ್ಕಳ ಹಾಸ್ಟೆಲು, ಶೌಚಾಲಯ ಎಲ್ಲ ಮನವಿಯ ಕೊನೆಯ ಸಾಲಿಗೆ ಬೀಳುತ್ತಿದ್ದವು. ಸಾಲು ತುಂಬಿದರೆ ಬಿಟ್ಟೇಹೋಗುತ್ತಿದ್ದವು.

ನನ್ನ ನಾದಿನಿ ಚೊಚ್ಚಲ ಹೆರಿಗೆಯಲ್ಲಿ ರಾತ್ರಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಸೊಲ್ಲಾಪುರಕ್ಕೆ ಎಂದು ಜೀಪಿನಲ್ಲಿ ಅಲೆದು ದಾರಿಯಲ್ಲೇ ಹೋದಳು. ವಿಜಯಪುರದಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳು ಎಂಬತ್ತರ ದಶಕದಿಂದಲೇ ಇವೆ. ಸರ್ಕಾರಿಯದು ಇರಲಿಲ್ಲ. ಸಾಲ ಮಾಡಿ ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗುವುದು ನಮ್ಮ ಕಡೆ ಎಷ್ಟು ರೂಢಿಯೆಂದರೆ, ಅದನ್ನೊಂದು ಕೊರತೆಯೆಂದು ಅರ್ಜಿಯಲ್ಲಿ ಬರೆಸಲು ಆಗ ಯಾರಿಗೂ ತೋಚಿರಲಿಲ್ಲ. ಸಿಂದಗಿಯ ಆ ಕೋಣೆಯಲ್ಲಿ ಬಾಣಂತಿಯ ಸಾವಿನ ಬಗ್ಗೆ ಒಂದೇ ಒಂದು ಅರ್ಜಿ ಹೊಡೆದ ನೆನಪು ನನಗಿಲ್ಲ. ಅದಕ್ಕೇ ಆ ಪೆಂಡಾಲಿನಲ್ಲಿ ಹೆಂಗಸರು ಮುಂದಿನ ಸಾಲಿನಲ್ಲಿ ಕೂತು, ಫೀಸಿನ ಲೆಕ್ಕ, ಹಾಸಿಗೆಯ ಲೆಕ್ಕ, ದವಾಖಾನೆಗೆ ಹೋಗುವ ದೂರದ ಲೆಕ್ಕ ಹೇಳುತ್ತಿದ್ದಾಗ ನನಗೆ ಗಂಟಲು ಕಟ್ಟಿತು. ಅಂದು ಮಾಸ್ತರರ ಮುಂದೆ ನಿಂತ ಆ ಕೂಲಿ ಹೆಂಗಸರು ತಂದಿದ್ದೂ ಇಂಥದೇ ಲೆಕ್ಕ.

ಈ ಎಲ್ಲವನ್ನೂ ಇಂದು ಬರೆಯಲು ಒಂದು ಅವಸರದ ಕಾರಣವಿದೆ. ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರ್ 30ರ ತೀರ್ಪಿನಲ್ಲಿ ಆಲಮಟ್ಟಿಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಹಾಗೆ ನಿಲ್ಲಿಸಿದರೆ ಇನ್ನೂ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ನಿರ್ಧರಿಸಿತು. ಹೊಲದವರಿಗೆ ಅದು ನ್ಯಾಯವೇ, ಸಿಗಲಿ, ತಡವಾಗದೆ ಸಿಗಲಿ. ಆದರೆ ಮತ್ತೆ ಎಕರೆಯ ಮಾತೇ ಊರ ತುಂಬ ಕೇಳುತ್ತಿದೆ. ಬಾಗೇವಾಡಿ ಕಡೆಯ ಆ ಮುದುಕಿಯ ಕಾಲಕ್ಕೂ ಈ ಕಾಲಕ್ಕೂ ಒಂದು ವ್ಯತ್ಯಾಸವಿದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯಲ್ಲಿ, ಹೊಲವಿಲ್ಲದೆ ಆ ಹೊಲದ ಮೇಲೆಯೇ ಬದುಕಿದ ಕೂಲಿಕಾರರು, ಗೇಣಿದಾರರು, ಪಾಲಿಗೆ ಮಾಡುವವರೂ ಬಾಧಿತ ಕುಟುಂಬ ಎನಿಸುತ್ತಾರೆ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅಲ್ಲಿ ದುಡಿದು ಬದುಕಿದ್ದಾರೆಂದು ತೋರಿಸಬೇಕು.

ಕೃಷ್ಣೆಯ ದಂಡೆಯ ಊರುಗಳಲ್ಲಿ ಸಂಘ ಕಟ್ಟಿದ, ಸಮಿತಿ ನಡೆಸುವ ತಮ್ಮಂದಿರಿಗೆ, ತಂಗಿಯರಿಗೆ ನನ್ನ ವಿನಂತಿ ಇಷ್ಟು. ಸರ್ವೆಯವರು ಬರುವುದಕ್ಕೆ ಮೊದಲೇ ನಿಮ್ಮೂರಿನ ಕೂಲಿ ಮನೆಗಳಿಗೆ ಹೋಗಿ. ಯಾರ ಹೊಲದಲ್ಲಿ, ಎಷ್ಟು ವರ್ಷದಿಂದ ಎಂದು ಗಂಡಸರ, ಹೆಂಗಸರ ಹೆಸರನ್ನು ಬೇರೆ ಬೇರೆಯಾಗಿ ಬರೆಯಿರಿ. ಖಾತ್ರಿಯ ಜಾಬ್ ಕಾರ್ಡು, ಪಡಿತರ ಚೀಟಿ, ಹೊಲದ ಮಾಲೀಕರ ಒಂದು ಸಾಲಿನ ಬರಹ, ಏನಿದ್ದರೂ ಸೇರಿಸಿ ಇಡಿ. ಆ ಪಟ್ಟಿಯನ್ನು ಗ್ರಾಮಸಭೆಯ ಠರಾವಿನಲ್ಲಿ ಸೇರಿಸಿ, ನಿಮ್ಮ ಮನವಿಯ ಮೊದಲ ಪುಟಕ್ಕೇ ಹಚ್ಚಿರಿ. ಮೂರು ವರ್ಷದ ಲೆಕ್ಕವನ್ನು ಆಮೇಲೆ ಹುಡುಕಿದರೆ ಸಿಗುವುದಿಲ್ಲ.